ಇತರೆ

ಗುತ್ತಲು ರಸ್ತೆ, ಗೊಬ್ಬರದಂಗಡಿಯ ಮಹಡಿ ಮೇಲೆ
ಒಂಬತ್ತು ಕಂಪ್ಯೂಟರು, ಎರಡು ಫ್ಯಾನು.
ಬೆಳಗ್ಗೆ ಎಂಟರಿಂದ ನಾನು
ಬೀದಿಗಳಿಗೆ ಚೌಕಟ್ಟು ಹಾಕುತ್ತೇನೆ.
ಇದು ಬಸ್ಸು. ಇದು ಕಂಬ. ಇದು ನಾಯಿ, ಮಲಗಿದೆ.
ಚಿತ್ರಕ್ಕೆ ಒಂದೂಕಾಲು ರೂಪಾಯಿ.
ಎಲ್ಲಿಯದೋ ಊರು, ಎಲ್ಲಿಯದೋ ಮಂಜು,
ಚಾಲಕನಿಲ್ಲದ ಕಾರಿನ ಕಣ್ಣಿಗೆ
ಮಂಡ್ಯದಲ್ಲಿ ಕೂತು ಅಕ್ಷರಾಭ್ಯಾಸ.

ಪಟ್ಟಿಯಲ್ಲಿ ಮೂವತ್ತೇಳು ಹೆಸರು.
ಹಿಮ ಗುಡಿಸುವ ಗಾಡಿಗೂ ಒಂದಿದೆ.
ಕಬ್ಬಿನ ಟ್ರಾಕ್ಟರಿಗಿಲ್ಲ:
ಎರಡು ಟ್ರೈಲರು, ಹಿಂದೆ ದೀಪವಿಲ್ಲ,
ಆಚೆಗೊಂದು ಮೊಳ ಈಚೆಗೊಂದು ಮೊಳ ಚಾಚಿದ ಸೋಗೆ,
ಮೇಲೆ ಟವೆಲು ಹೊದ್ದು ಮಲಗಿದ ಹುಡುಗ.
ಎತ್ತಿನ ಗಾಡಿಗೂ ಇಲ್ಲ;
ಅದಂತೂ ಗಾಡಿಯವನು ಗೊರಕೆ ಹೊಡೆದರೂ
ತಾನಾಗಿ ಫ್ಯಾಕ್ಟರಿ ಗೇಟು ಮುಟ್ಟುತ್ತದೆ.
ನಮ್ಮೂರಿನ ಚಿತ್ರ ಬಂದಾಗಲೆಲ್ಲ
ಬೆರಳು ಕೊನೆಯ ಸಾಲಿಗೆ ಇಳಿಯುತ್ತದೆ:
ಇತರೆ. ಇತರೆ. ಇತರೆ.

ಮೊನ್ನೆ ಸಭಾಂಗಣದಲ್ಲಿ
ಟೈ ಕಟ್ಟಿದವರೊಬ್ಬರು ಪರದೆ ಇಳಿಬಿಟ್ಟು ಹೇಳಿದರು,
ಸ್ಪರ್ಧೆಯಲ್ಲಿ ಉಳಿಯಬೇಕು.
ಎಕರೆಗೆ ಇಷ್ಟು ರಿಯಾಯಿತಿ, ಹತ್ತು ವರ್ಷ ತೆರಿಗೆ ಇಲ್ಲ,
ನೀರು, ಕರೆಂಟು, ನಾಲ್ಕು ಪಥ.
ಹಿಂದಿನ ಸಾಲಿನಿಂದ ಯಾರೋ,
ಪಕ್ಕದ ರಾಜ್ಯದೋರು ಹದಿನೈದು ವರ್ಸ ಅಂತಾವ್ರಲ್ಲ ಸ್ವಾಮಿ?
ಅವರು ನೀರು ಕುಡಿದರು.
ಕಾಫಿ ಬಂತು, ಬೋಂಡ ಬಂತು,
ಸಭೆ ಮುಗಿಯಿತು.

ಆಮೇಲಿನ ಬುಧವಾರ ಕಾರೇ ಬಂತು, ಪರೀಕ್ಷೆಗೆ,
ನೆತ್ತಿಯ ಮೇಲೆ ತಿರುಗುವ ಡಬ್ಬಿ ಹೊತ್ತು.
ಮುಂದೆ ತನ್ವೀರ್ ಪಾಷ, ಮೈಸೂರಿನ ಇಂಜಿನಿಯರು,
ಕೈ ತೊಡೆಯ ಮೇಲೆ, ಕಾಲು ಬ್ರೇಕಿನ ಹತ್ತಿರ.
ಹಿಂದೆ ನಾನು. ಕಲಿಸಿದವಳೂ ನೋಡಲಿ ಎಂದು.
ಕೆರಗೋಡು ರಸ್ತೆ. ನಾಲೆ ದಾಟಿತು.
ಮೇಕೆ ಹಿಂಡಿಗೆ ದಾರಿ ಬಿಟ್ಟಿತು, ಜಾಣಮರಿ.
ತಿರುವಿನಲ್ಲಿ ನಿಂತುಬಿಟ್ಟಿತು.

ಡಾಂಬರಿನ ಉದ್ದಕ್ಕೂ ಹುರುಳಿ,
ಬಳ್ಳಿ ಸಮೇತ, ಗೇಣೆತ್ತರ.
ಪರದೆ ಕೆಂಪಾಯಿತು: ಅಡಚಣೆ. ಗುರುತು ಸಿಗುತ್ತಿಲ್ಲ.
ಹಿಂದೆ ಬಸ್ಸು, ಬಸ್ಸಿನ ಹಿಂದೆ ಹಾಲಿನ ಕ್ಯಾನಿನ ಬೈಕು,
ಹಾರ್ನೋ ಹಾರ್ನು.

ಬೇವಿನ ನೆರಳಿನಿಂದ ದೊಡ್ಡತಾಯಮ್ಮ ಎದ್ದು ಬಂದಳು, ಕೈಯಲ್ಲಿ ಕವೆಗೋಲು.
"ಯಾಕ್ಲಾ ಮಗ ನಿಲ್ಲುಸ್ಕಂಡೆ? ಹುಳ್ಳಿ ಕನಪ್ಪ, ಹಾವಲ್ಲ.
ತುಳ್ಕಂಡ್ ಓಗು."
"ನಾನು ಓಡಿಸ್ತಿಲ್ಲ ಅಮ್ಮ, ಅದೇ ಓಡೋದು."
"ಅಂಗಾರೆ ಅದ್ಕೇ ಯೋಳು."

ಹೇಳುವುದು ಹೇಗೆ?
ದಾರಿಗಡ್ಡ ಬಿದ್ದದ್ದು ಕೋರಿಕೆಯೂ ಆಗಿರಬಹುದೆಂದು,
ರಸ್ತೆ ಕಣವೂ ಹೌದು, ಚಕ್ರ ರೋಣಗಲ್ಲೂ ಹೌದೆಂದು,
ಕಾನೂನಿಗೆ ತಪ್ಪು, ಡಿಸೆಂಬರಿಗೆ ಸರಿಯೆಂದು,
ಅಂಚಿಗೆ ಇಟ್ಟ ಕಲ್ಲನ್ನು ಬಳಸಬೇಕು,
ಎದುರು ಬೈಕು ಬಂದರೆ ಬರಿ ನೆಲ ಅವನಿಗೆ ಬಿಡಬೇಕೆಂದು.
(ಹೋದ ವರ್ಷ ಇಲ್ಲೇ ಜಾರಿ
ನನ್ನ ಭಾವನ ಮೊಣಕಾಲು ಒಡೆದಿತ್ತು. ಅವನೀಗಲೂ
ಹುರುಳಿ ಬಸ್ಸಾರು ಮುಟ್ಟುವುದಿಲ್ಲ.)
ಯಾವ ರಿಯಾಯಿತಿ ಇದನ್ನು ಕೊಂಡು ತರುತ್ತದೆ?
ಯಾವ ರಾಜ್ಯ ಹದಿನೈದು ವರ್ಷಕ್ಕೆ ಬರೆದುಕೊಡುತ್ತದೆ?

ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದು
ಮೂವತ್ತೆಂಟನೆಯದಾಗಿ ಒತ್ತಿದೆ: ಒಕ್ಕಣೆ.
ಕನ್ನಡದಲ್ಲೇ. ತನ್ವೀರ್ ಬೇಡವೆನ್ನಲಿಲ್ಲ.
ಅವತ್ತು ಸ್ಟೇರಿಂಗು ಹಿಡಿದು ಅವನೇ ದಾಟಿಸಿದ;
ಕಾರು ಹಿಂದಿನ ಬೆಂಚಿನ ಹುಡುಗನಂತೆ
ಕದ್ದು ನೋಡುತ್ತಿತ್ತು. ಕೆಳಗೆ ಚಟಪಟ, ಚಟಪಟ.

ಪದ ಯಾವುದೋ ದೂರದ ತಂಪು ಕೋಣೆಗೆ ಹೋಯಿತು.
ನಾಳೆ ಅದು ಯಾರ ಆಸ್ತಿ, ಯಾರ ಪಾಲು,
ನಮ್ಮ ಊರಿಗೆ ಅದರಲ್ಲಿ ಎಷ್ಟಾಣೆ?
ನನಗೆ ಬಂದದ್ದು ಒಂದೂಕಾಲು ರೂಪಾಯಿ.
ಆ ಸಭೆಯಲ್ಲಿ ಎದ್ದು ಕೇಳಬೇಕಿದ್ದದ್ದು ಇದನ್ನೇ;
ಆಗ ನನ್ನ ಬಾಯಲ್ಲಿ ಬೋಂಡವಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ
ಕಾರು ತಾನಾಗಿ ದಾಟಿತು,
ಅಳುಕುತ್ತ, ಕಲ್ಲು ಬಳಸಿ, ನಿಧಾನ.
ತನ್ವೀರ್ ಚಪ್ಪಾಳೆ ಹೊಡೆದ.
ದೊಡ್ಡತಾಯಮ್ಮ ಬಳ್ಳಿ ಮಗುಚಿ, ಕಾಯಿ ಹಿಸುಕಿ ನೋಡಿದಳು:

"ಏನ್ ಕಲ್ಸಿದ್ದೀಯವ್ವ ಇದ್ಕೆ?
ಇಬ್ಬನಿ ಆರ್ದೆ ತುಳುದ್ರೆ ಕಾಯಿ ಸಿಡಿದಾತಾ?
ನಾಳಿಕ್ಕೆ ಹನ್ನೊಂದು ಗಂಟೆ ಮ್ಯಾಕೆ ಬರಕೇಳು."